ಅಡ್ಡಹೆಸರಿನ ಮೂಲ

ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಸ್ಕಾಲರ್‌ಶಿಪ್ ಪಟ್ಟಿ ಹಿಡಿದು ಬಂದು ‘ಎಸ್ಸಿಯೋರೆಲ್ಲ ಎದ್ದು ನಿಂತ್ಕಳ್ರೋ’ ಅಂದರು. ಆರು ಜನ ನಿಂತೆವು. ಅವರಿಗೆ ಅದು ಐದು ನಿಮಿಷದ ಕೆಲಸ. ನಮಗೆ ಮಾತ್ರ ಅಂದಿನಿಂದ ‘ಸ್ಕಾಲರ್‌ಶಿಪ್ಪು’ ಎಂಬುದೇ ಹೆಸರಾಯಿತು. ನಲ್ಲಿಯ ಹತ್ತಿರ ಹೋದರೆ ‘ಸ್ಕಾಲರ್‌ಶಿಪ್ಪು ಬಂತು, ಜರುಗ್ರೋ’ ಎಂದು ನಗುತ್ತಿದ್ದರು. ಮರುವರ್ಷ ನಮ್ಮಲ್ಲೊಬ್ಬ ಶಾಲೆಗೆ ಬರಲಿಲ್ಲ. ಕೇಳಿದರೆ ಮೇಷ್ಟ್ರು, ‘ಅವನಿಗೆ ಓದಿನ ಮೇಲೆ ಗ್ಯಾನ ಇಲ್ಲ’ ಅಂದರು.

ಇದನ್ನು ಮಕ್ಕಳಾಟ ಎನ್ನುವುದರಲ್ಲೇ ಒಂದು ಹುನ್ನಾರವಿದೆ. 1970ರ ದಶಕದಲ್ಲಿ ಸ್ವೀಡನ್ನಿನ ಶಾಲಾ ಹುಡುಗರನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೆಯಸ್ ‘ಬುಲ್ಲಿಯಿಂಗ್’ಗೆ ಮೂರು ಲಕ್ಷಣ ಗುರುತಿಸಿದರು: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ಇಬ್ಬರ ನಡುವೆ ಬಲದ ಅಂತರವಿರುವುದು. ಆ ಬಲ ಯಾವುದೆಂಬುದೇ ನಮ್ಮ ಪ್ರಶ್ನೆ. ಶಾಲೆ ಬಿಟ್ಟವನು ಇಡೀ ಕ್ಲಾಸಿಗೇ ಗಟ್ಟಿಮುಟ್ಟಾಗಿದ್ದ. ಆದರೂ ಕೈಯೆತ್ತಲಿಲ್ಲ. ಅವನಪ್ಪ, ಹಂಗಿಸುವವನ ಮನೆಯ ಗದ್ದೆಯಲ್ಲೇ ಕೂಲಿಗಿದ್ದ. ಬಲ ತೋಳಿನಲ್ಲಿರಲಿಲ್ಲ, ಊರಿನಲ್ಲಿತ್ತು.

ಅದನ್ನು ತರಗತಿಯೊಳಕ್ಕೆ ಕರೆತರುವುದು ಶಾಲೆಯೇ. ಸಾತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಬೇರೆ ಗೋಣಿತಾಟಿನ ಮೇಲೆ ಕೂರಬೇಕಿತ್ತು. ಜವಾನ ನಲ್ಲಿ ತಿರುಗಿಸದಿದ್ದರೆ ನೀರಿಲ್ಲ. ಅದು ಮಕ್ಕಳು ಕಟ್ಟಿದ ಆಟವಲ್ಲ, ಶಾಲೆಯ ಕ್ರಮ. ಗೋಣಿತಾಟು ಹೋಯಿತು, ಪಟ್ಟಿ ಬಂತು. ಸವಲತ್ತನ್ನೇ ಹಂಗಿಸುವ ಮಾತಾಗಿಸುವುದು ನಮಗೆ ಹೊಸದಲ್ಲ. 1994ರಲ್ಲಿ ಬಂದ ಅರವಿಂದ ಮಾಲಗತ್ತಿಯವರ ಆತ್ಮಕಥನದ ಹೆಸರೇ ‘ಗೌರ್ಮೆಂಟ್ ಬ್ರಾಹ್ಮಣ’.

ಹಂಗಿಸಿಕೊಂಡ ಮಗು ಮೊದಲು ಬಾಯಿ ಮುಚ್ಚುತ್ತದೆ, ಆಮೇಲೆ ಹಿಂದಿನ ಬೆಂಚು, ಆಮೇಲೆ ಗೈರುಹಾಜರಿ. ಬಾಯಿ ಬಿಟ್ಟರೆ? 2023ರ ಆಗಸ್ಟಿನಲ್ಲಿ ತಮಿಳುನಾಡಿನ ನಾಂಗುನೇರಿಯಲ್ಲಿ ದಲಿತ ವಿದ್ಯಾರ್ಥಿಯೊಬ್ಬ ಕಿರುಕುಳದ ಬಗ್ಗೆ ಶಾಲೆಗೆ ದೂರಿದ್ದಕ್ಕೆ ಮೇಲ್ಜಾತಿಯ ಹುಡುಗರು ಮನೆಗೇ ನುಗ್ಗಿ ಅವನನ್ನೂ, ತಡೆಯಹೋದ ತಂಗಿಯನ್ನೂ ಕುಡುಗೋಲಿನಿಂದ ಕಡಿದರು. ಆಮೇಲೆ ನೇಮಕವಾದ ನ್ಯಾಯಮೂರ್ತಿ ಚಂದ್ರು ಸಮಿತಿ 2024ರಲ್ಲಿ ವರದಿ ಕೊಟ್ಟಿತು. ಹಾಜರಿ ಪುಸ್ತಕದಲ್ಲಿ ಜಾತಿ ಬೇಡ, ಜಾತಿ ಹಿಡಿದು ಮಕ್ಕಳನ್ನು ಕರೆಯಬೇಡಿ ಎಂಬುದೂ ಅದರ ಶಿಫಾರಸುಗಳಲ್ಲಿದೆ. ಅಂದರೆ ಮೊದಲು ತಿದ್ದಿಕೊಳ್ಳಬೇಕಾದವರು ಮಕ್ಕಳಲ್ಲ, ನಾವು ಮೇಷ್ಟ್ರುಗಳು.

ಸ್ಕಾಲರ್‌ಶಿಪ್ ಹಕ್ಕು, ಅದು ಸಿಗಲೇಬೇಕು. ಕೊಡುವ ರೀತಿ ಮಾತ್ರ ಅವಮಾನವಾಗಬಾರದು. ಈಗ ಆ ಪಟ್ಟಿ ನನ್ನ ಮೇಜಿಗೂ ಬರುತ್ತದೆ. ಒಬ್ಬೊಬ್ಬರನ್ನೇ ಸ್ಟಾಫ್‌ರೂಮಿಗೆ ಕರೆದು ಹೇಳುತ್ತೇನೆ. ‘ಒಟ್ಟಿಗೆ ಕೂಗಿದ್ರೆ ಐದು ನಿಮಿಷಕ್ಕೆ ಮುಗೀತಿತ್ತಲ್ರೀ’ ಎನ್ನುತ್ತಾರೆ ಸಹೋದ್ಯೋಗಿಯೊಬ್ಬರು. ಆ ಐದು ನಿಮಿಷದಲ್ಲಿ ಏನೇನು ಮುಗಿಯುತ್ತದೆಂದು ನಾನು ಎದ್ದುನಿಂತು ನೋಡಿದ್ದೇನೆ.