ಬಂದೂಕಿನ ಒದೆತವೂ ಗುರಿಗಾರನ ಹಿಡಿತವೂ

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ನೋಡಿದವರಿಗೆ ಬಂದೂಕಿನ ಒದೆತವೆಂದರೇನೆಂಬುದನ್ನು ನಾವು ಹೇಳಬೇಕಾದುದಿಲ್ಲ. ಗುಂಡು ಮುಂದಕ್ಕೆ ಹಾರುತ್ತಲೆ ಬಂದೂಕು ಹಿಂದಕ್ಕೆ ಒದೆಯುವುದು, ಹೊಸಬನ ಭುಜ ನೋಯುವುದು, ನೋಡುವವರು ನಗುವರು. ಆದರೆ ಈ ಒದೆತವು ಗುಂಡು ಹೋದಮೇಲೆ ಬರುವ ಕಿರುಕುಳವೆಂದೂ, ಗಟ್ಟಿಮುಟ್ಟಾದ ಆಳು ಅದನ್ನು ತೋಳಿನ ಬಲದಿಂದ ಅಡಗಿಸಬಲ್ಲನೆಂದೂ ಜನರಲ್ಲಿ ಬೇರೂರಿರುವ ಭಾವನೆಯು ತಪ್ಪಾದುದು. ನೆಲದ ಮೇಲೆ ಬೋರಲಾಗಿ ಮಲಗಿ ಸಾವಿರ ಗಜದಾಚೆಯ ಗುರಿಯನ್ನು ಹೊಡೆಯುವ ವಿದ್ಯೆಯು ಈ ತಪ್ಪನ್ನು ತಿದ್ದಿಕೊಳ್ಳುವುದರಿಂದಲೇ ಮೊದಲಾಗುತ್ತದೆ.

ಈ ವಿದ್ಯೆಯ ಹಳೆಯ ನೆಲೆಗಳಲ್ಲೊಂದು ಇಂಗ್ಲೆಂಡು. ಅಲ್ಲಿಯ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಕೂಟವನ್ನು 1860ರ ಜುಲೈ ತಿಂಗಳಲ್ಲಿ ವಿಂಬಲ್ಡನ್ನಿನ ಬಯಲಿನಲ್ಲಿ ವಿಕ್ಟೋರಿಯಾ ರಾಣಿಯವರು 400 ಗಜದ ಗುರಿಗೆ ಗುಂಡು ಹೊಡೆದು ಆರಂಭಿಸಿದರು. ಗುಂಡು ಗುರಿಯ ನಡುಭಾಗಕ್ಕೇ ತಗಲಿತು. ಆದರೆ ಬಂದೂಕು ರಾಣಿಯವರ ಭುಜಕ್ಕೆ ಒರಗಿರಲಿಲ್ಲ. ಅದನ್ನು ಯಂತ್ರದ ಆಸರೆಯ ಮೇಲೆ ಮೊದಲೇ ಗುರಿಗಿಟ್ಟು ಬಿಗಿದಿದ್ದರು. ರಾಣಿಯವರು ಎಳೆದುದು ಒಂದು ದಾರವನ್ನು ಮಾತ್ರ. 1890ರಲ್ಲಿ ಈ ಕೂಟವು ಬಿಸ್ಲಿಗೆ ಸಾಗಿತು. ಅಲ್ಲಿಯ ಮುಖ್ಯ ಬಹುಮಾನದ ಕೊನೆಯ ಸುತ್ತು 900 ಮತ್ತು 1000 ಗಜಗಳಿಂದ ನಡೆಯುತ್ತದೆ. ಅಂದು ಯಂತ್ರವು ಮಾಡಿದುದನ್ನು ಎಲುಬು ಮಾಂಸಗಳ ದೇಹದಿಂದ ಮಾಡಿಸುವುದೇ ಗುರಿಗಾರನ ಸಾಧನೆ.

ಲೆಕ್ಕವನ್ನು ನೋಡೋಣ. ಈ ಪಂದ್ಯಗಳಲ್ಲಿ ಬಳಕೆಯಲ್ಲಿರುವ 7.62 ಮಿಲಿಮೀಟರ್ ರೈಫಲ್ಲಿನ ಗುಂಡು ಸುಮಾರು 10 ಗ್ರಾಂ ತೂಗುತ್ತದೆ; ನಳಿಗೆಯ ಬಾಯನ್ನು ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 900 ಮೀಟರು. ಮದ್ದು ಹೊತ್ತಿಕೊಂಡ ಮೇಲೆ ಗುಂಡು ಹೊರಬೀಳುವುದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಸಾವಿರ ಭಾಗಗಳಲ್ಲಿ ಒಂದೋ ಎರಡೋ ಭಾಗ. ಆದರೆ ಗುಂಡು ಮುಂದಕ್ಕೆ ಕದಲಿದ ಕ್ಷಣದಲ್ಲಿಯೇ ಬಂದೂಕೂ ಹಿಂದಕ್ಕೆ ಕದಲುತ್ತದೆ. ಐದಾರು ಕಿಲೋ ತೂಕದ ರೈಫಲ್ಲು, ಗುಂಡು ಇನ್ನೂ ನಳಿಗೆಯೊಳಗಿರುವಾಗಲೇ ಸುಮಾರು ಒಂದೂವರೆ ಮಿಲಿಮೀಟರು ಹಿಂದೆ ಸರಿದಿರುತ್ತದೆ. ಮನುಷ್ಯನು ಪೆಟ್ಟನ್ನು ಅರಿತು ಅದಕ್ಕೆ ಎದುರು ಮಾಡಬೇಕಾದರೆ ಇದರ ನೂರು ಪಟ್ಟು ಕಾಲ ಬೇಕು. ಆದುದರಿಂದ ಒದೆತವನ್ನು ಆ ಕ್ಷಣದಲ್ಲಿ ತಡೆಯ ಹೊರಡುವುದು ಊರು ಕೊಳ್ಳೆ ಹೋದಮೇಲೆ ಕೋಟೆಯ ಬಾಗಿಲನ್ನು ಹಾಕಿದಂತೆಯೇ ಸರಿ. ಮೀಟರುದ್ದದ ರೈಫಲ್ಲಿನ ಮೂತಿಯು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಓರೆಯಾದರೆ ಸಾವಿರ ಗಜದಲ್ಲಿ ಗುಂಡು ಒಂದು ಅಡಿ ತಪ್ಪುತ್ತದೆ. ಅಲ್ಲಿ ಐದು ಅಂಕ ತರುವ ವೃತ್ತದ ಅಡ್ಡಳತೆಯೇ ಸುಮಾರು ಎರಡು ಅಡಿ.

ಹಾಗಾದರೆ ಮಾಡತಕ್ಕದ್ದೇನು? ಒದೆತವನ್ನು ಇಲ್ಲವಾಗಿಸಲಾಗದು; ಆದರೆ ಪ್ರತಿ ಸಲವೂ ಅದು ಒಂದೇ ದಾರಿಯಲ್ಲಿ ಬರುವಂತೆ ಮಾಡಬಹುದು. ಬಂದೂಕು ಒಂದೇ ಬಗೆಯಾಗಿ ಕದಲುವುದಾದರೆ ನೋಟದ ಕಿಂಡಿಯನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಂಡರಾಯಿತು. ಬೋರಲಾಗಿ ಮಲಗುವ ಭಂಗಿಯ ಗುಟ್ಟೆಲ್ಲವೂ ಇದೇ. ಬಲಗೈಯವನು ತನ್ನ ದೇಹವನ್ನು ಗುರಿಯ ಗೆರೆಗೆ ಕೊಂಚ ಎಡಕ್ಕೆ ಓರೆಯಾಗಿ ಚಾಚುತ್ತಾನೆ. ಎಡಮೊಳಕೈ ಬಂದೂಕಿನ ಕೆಳಗೆ ಊರುತ್ತದೆ. ಮೇಲ್ದೋಳಿಗೆ ಬಿಗಿದ ಪಟ್ಟಿಯು ಬಂದೂಕಿನ ಮುಂಭಾಗವನ್ನು ಹಿಡಿದು ಅದರ ಬುಡವನ್ನು ಭುಜದ ಕುಳಿಯೊಳಕ್ಕೆ ಒತ್ತಿ ನಿಲ್ಲಿಸುತ್ತದೆ. ಭಾರವನ್ನು ಹೊರುವುದು ಎಲುಬು ಮತ್ತು ಪಟ್ಟಿ; ಸ್ನಾಯುವಲ್ಲ. ಸ್ನಾಯುವು ದಣಿಯುತ್ತದೆ, ನಡುಗುತ್ತದೆ; ಎಲುಬು ದಣಿಯದು. ಕೆನ್ನೆಯ ಭಾರ, ಬಲಗೈಯ ಬಿಗಿ, ಬುಡವು ಕೂರುವ ಜಾಗ ಇವು ಮೊದಲನೆಯ ಗುಂಡಿಗೆ ಹೇಗೋ ಕೊನೆಯ ಗುಂಡಿಗೂ ಹಾಗೆಯೇ ಇರಬೇಕು.

ಇದಕ್ಕೆ ಎರಡು ಪರೀಕ್ಷೆಗಳುಂಟು. ಗುರಿಯಿಟ್ಟು ಕಣ್ಣು ಮುಚ್ಚಿ, ಉಸಿರಾಡಿ, ಮತ್ತೆ ಕಣ್ಣು ತೆರೆಯಬೇಕು. ನೋಟವು ಗುರಿಯಿಂದ ಜಾರಿದ್ದರೆ ತೋಳಿನಿಂದ ಎಳೆದು ಸರಿಪಡಿಸಕೂಡದು; ಸೊಂಟವನ್ನೇ ಸರಿಸಿ ಮಲಗಬೇಕು. ಎರಡನೆಯ ಪರೀಕ್ಷಕನು ಒದೆತವೇ. ಗುಂಡು ಹಾರಿದ ಬಳಿಕ ಬಂದೂಕು ನೇರವಾಗಿ ಹಿಂದೆ ಬಂದು ತಾನಾಗಿ ತನ್ನ ಗುರಿಗೇ ಮರಳಿದರೆ ಭಂಗಿಯು ಸರಿಯೆಂದು ತಿಳಿಯಬೇಕು. ಪಕ್ಕದ ಗುರಿಯ ಕಡೆಗೆ ತಿರುಗಿ ನಿಂತರೆ ದೇಹದಲ್ಲೆಲ್ಲೋ ಸೆಳೆತವಿದೆ. ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಭುಜವನ್ನು ಮುಂದೂಡುವವನಿಗೆ ಈ ಸಾಕ್ಷಿಯು ದೊರೆಯುವುದೇ ಇಲ್ಲ. ಟ್ರಿಗರನ್ನು ಎಳೆದು ಹಾಗೆಯೇ ಹಿಡಿದು, ಕಣ್ಣು ತೆರೆದು ಕೊನೆಯವರೆಗೆ ನೋಡುವುದು ಆದುದರಿಂದಲೇ ಅವಶ್ಯಕ.

ಇದಕ್ಕೆ ತೀರ ಭಿನ್ನವೆಂದು ತೋರುವ ಪಂಥವೊಂದಿದೆ. ಕೆನಡಾದ ಜಾರ್ಜ್ ಫಾರ್ಕರ್ಸನ್ನರ ಹೆಸರಿನ ಮೊದಲಕ್ಷರದಿಂದ ಎಫ್ ಕ್ಲಾಸ್ ಎನಿಸಿಕೊಂಡ ಪಂದ್ಯಗಳಲ್ಲಿ ಬಂದೂಕು ಮುಂದೆ ಆಸರೆಯ ಮೇಲೂ ಹಿಂದೆ ಮರಳುಚೀಲದ ಮೇಲೂ ಕೂರುತ್ತದೆ. ಅಲ್ಲಿ ಭಾರದ ಬಂದೂಕನ್ನು ಬಹುಮಂದಿ ಮುಟ್ಟಿಯೂ ಮುಟ್ಟದಂತೆ ಹಿಡಿದು, ತಾನಾಗಿ ಹಿಂದೆ ಜಾರಗೊಡುತ್ತಾರೆ. ಹಗುರವಾದುದನ್ನು ಭುಜಕ್ಕೆ ಒತ್ತಿ ಹಿಡಿಯುವವರೂ ಉಂಟು. ಯಾವುದು ಲೇಸೆಂಬ ವಾದ ಮುಗಿದಿಲ್ಲ. ಆದರೆ ಒಂದು ಗುಂಡಿಗೆ ಸಡಿಲು, ಮುಂದಿನದಕ್ಕೆ ಬಿಗಿ ಎಂಬುದು ಎರಡೂ ಪಂಥಗಳಿಗೆ ಸಲ್ಲದು.

ಈ ಸಮತೆಯ ಬೆಲೆಯು ಗಾಳಿ ಬೀಸಿದಾಗ ತಿಳಿಯುತ್ತದೆ. ಗುಂಡು ಒಂದಡಿ ಎಡಕ್ಕೆ ಬಿದ್ದಿತೆನ್ನೋಣ. ಅದು ಗಾಳಿಯ ಕೆಲಸವೋ, ತನ್ನ ಹಿಡಿತದ ದೋಷವೋ? ಹಿಡಿತವನ್ನು ನಂಬಬಲ್ಲವನು ಗಾಳಿಯೆಂದು ನಿಶ್ಚಯಿಸಿ ಕಿಂಡಿಯನ್ನು ತಿರುಗಿಸುತ್ತಾನೆ. ನಂಬಲಾರದವನು ಇಲ್ಲದ ಗಾಳಿಗೆ ತಿದ್ದುಪಡಿ ಮಾಡಿ ಒಂದು ತಪ್ಪನ್ನು ಎರಡು ಮಾಡಿಕೊಳ್ಳುತ್ತಾನೆ. ತನ್ನನ್ನು ತಾನು ಅರಿಯದವನು ಹೊರಗಿನದನ್ನು ಅಳೆಯಲಾರನೆಂಬುದು ಇಲ್ಲಿ ವೇದಾಂತದ ಮಾತಲ್ಲ, ಅಂಕದ ಮಾತು.

ಮೈಬಲವೇ ಮುಖ್ಯವೆನ್ನುವವರಿಗೆ ಬಿಸ್ಲಿಯು 1930ರಲ್ಲಿಯೇ ಉತ್ತರ ಕೊಟ್ಟಿದೆ. ಆ ವರ್ಷ ಮಾರ್ಜೊರಿ ಫಾಸ್ಟರ್ ಎಂಬ ಮಹಿಳೆಯು ಪುರುಷರೊಡನೆ ಸ್ಪರ್ಧಿಸಿ ರಾಜಬಹುಮಾನವನ್ನು ಗೆದ್ದರು. ಅದನ್ನು ಗೆದ್ದ ಮೊದಲ ಮಹಿಳೆ ಅವರೇ. ನಮ್ಮ ದೇಶದ ರಾಷ್ಟ್ರೀಯ ರೈಫಲ್ ಸಂಘವು 1951ರಲ್ಲಿ ಹುಟ್ಟಿತು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ದೂರದ ಗುರಿಯ ಪಂದ್ಯಗಳು ಗುರುಗ್ರಾಮದ ಬಳಿಯ ಕಾದರ್‌ಪುರದಲ್ಲಿ ನಡೆದವು. ನಮ್ಮ ತರುಣ ತರುಣಿಯರಲ್ಲಿ ಈ ವಿದ್ಯೆಗೆ ಮನಸ್ಸಿಟ್ಟವರು ಗುಂಡುಗಳ ಲೆಕ್ಕವನ್ನು ಬದಿಗಿಟ್ಟು, ಬರಿದಾದ ಬಂದೂಕಿನೊಡನೆ ಚಾಪೆಯ ಮೇಲೆ ಮಲಗಿ, ಬಲ್ಲವರ ಕಣ್ಣಮುಂದೆ ಭಂಗಿಯನ್ನು ಮೊದಲು ಪಳಗಿಸಿಕೊಳ್ಳಲಿ. ಒದೆತವನ್ನು ಶತ್ರುವೆಂದು ಬಗೆದವನು ಪ್ರತಿ ಗುಂಡಿಗೂ ಅದರೊಡನೆ ಹೋರಾಡಿ ಸೋಲುತ್ತಾನೆ. ಅದಕ್ಕೊಂದು ದಾರಿಯನ್ನು ಮಾಡಿಕೊಟ್ಟವನಿಗೆ ಅದೇ ಗುರುವಾಗಿ ನಿಲ್ಲುತ್ತದೆ.