ನಿನ್ನ ರೀಡಿಂಗ್ ಎಷ್ಟು?

ಪರೀಕ್ಷೆ ಮುಗಿದ ಮೇಲೆ ಆರಂಭವಾಗುವ ಪರೀಕ್ಷೆಯೊಂದುಂಟು. ಅದಕ್ಕೆ ವೇಳಾಪಟ್ಟಿಯಿಲ್ಲ, ಪ್ರಶ್ನಪತ್ರಿಕೆಯಿಲ್ಲ, ಮೇಲ್ವಿಚಾರಕರೂ ಇಲ್ಲ. ಆದರೂ ಎಷ್ಟೋ ವಿದ್ಯಾರ್ಥಿಗಳು ಮೊದಲನೆಯದಕ್ಕಿಂತ ಇದಕ್ಕೇ ಹೆಚ್ಚು ಅಂಜುವರು. ಎರಡನೆಯ ಪಿ.ಯು.ಸಿ. ತರಗತಿಯ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗಳು ನಡೆಯುವ ದಿನಗಳಲ್ಲಿ ಪಶ್ಚಿಮ ಬೆಂಗಳೂರಿನ ಚಂದ್ರಾ ಲೇಔಟ್‌ನ ಯಾವುದೇ ಬಸ್ ನಿಲ್ದಾಣದ ಬಳಿ ಹತ್ತು ನಿಮಿಷ ನಿಂತರೆ ಸಾಕು, ಈ ಎರಡನೆಯ ಪರೀಕ್ಷೆಯ ಪರಿಚಯವಾಗುತ್ತದೆ. ವಿಜಯನಗರ, ಅತ್ತಿಗುಪ್ಪೆ, ನಾಗರಭಾವಿಗಳ ಕಡೆಗೆ ಹೊರಟ ಹುಡುಗ ಹುಡುಗಿಯರು ಬೆರಳ ತುದಿಯ ಕಂದು ಕಲೆಯನ್ನೂ ಮರೆತು ಗುಂಪುಗೂಡಿರುತ್ತಾರೆ.

“ಲೋ, ನಿಂದೆಷ್ಟು ಬಂತೋ?”

“ಹತ್ತು. ಮೂರು ಸಲವೂ ಹತ್ತೇ. ನಿಂದು?”

“ಎಂಟು...”

ಅಲ್ಲಿಗೆ ಮಾತು ನಿಲ್ಲುತ್ತದೆ. ಎಂಟು ಎಂದವನ ಮುಖ ಬಾಡುತ್ತದೆ. ಹತ್ತು ಬಂದವರು ನಾಲ್ವರಿದ್ದರಂತೂ ಮುಗಿಯಿತು. ತಾನು ಕೆಟ್ಟೆನೆಂದೇ ಆತ ನಿರ್ಣಯಿಸಿಬಿಡುತ್ತಾನೆ. ರಸಾಯನಶಾಸ್ತ್ರದ ನೂರು ಅಂಕಗಳಲ್ಲಿ ಪ್ರಾಯೋಗಿಕಕ್ಕೆ ಮೀಸಲಾದ 30 ಅಂಕಗಳು ಬಸ್ಸು ಬರುವುದರೊಳಗೆ ಅವನ ಪಾಲಿಗೆ ಆವಿಯಾಗಿ ಹೋಗಿರುತ್ತವೆ.

ಆದರೆ ಈ ದುಃಖಕ್ಕೆ ಆಧಾರವುಂಟೆ?

ಎಂಟೂ ಸರಿ, ಹತ್ತೂ ಸರಿ

ವಿದ್ಯಾರ್ಥಿಗಳು ‘ರೀಡಿಂಗ್’ ಎಂದು ಕರೆಯುವುದು ಬ್ಯೂರೆಟ್ ಎಂಬ ಗಾಜಿನ ನಳಿಗೆಯಲ್ಲಿ ಕಾಣುವ ಅಳತೆ. ಪಿಪೆಟ್ಟಿನಿಂದ 10 ಮಿಲಿಲೀಟರ್ ಆಕ್ಸಾಲಿಕ್ ಆಮ್ಲದ ದ್ರಾವಣವನ್ನು ಅಳೆದು ಶಂಕುವಿನಾಕಾರದ ಫ್ಲಾಸ್ಕಿಗೆ ಹಾಕಿ, ಅದಕ್ಕೆ ದುರ್ಬಲ ಗಂಧಕಾಮ್ಲವನ್ನು ಬೆರೆಸಿ, ಬಿಸಿಮಾಡಿ, ಮೇಲಿನಿಂದ ಪೊಟ್ಯಾಸಿಯಂ ಪರ್ಮ್ಯಾಂಗನೇಟಿನ ನೇರಳೆ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಬಿದ್ದ ಹನಿಯ ಬಣ್ಣ ಮಾಯವಾಗುತ್ತ ಹೋಗಿ, ಕೊನೆಗೊಂದು ಹನಿಯ ನಸುಗೆಂಪು ಅಳಿಯದೆ ನಿಲ್ಲುತ್ತದೆ. ಅದೇ ಅಂತ್ಯಬಿಂದು. ಅಲ್ಲಿಯವರೆಗೆ ಎಷ್ಟು ಮಿಲಿಲೀಟರ್ ಇಳಿಯಿತೆಂಬುದರಿಂದ ದ್ರಾವಣದ ಸಾರತೆಯನ್ನು ಲೆಕ್ಕ ಹಾಕಬೇಕು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕಂಡುಹಿಡಿಯಬೇಕಾದ ಸಾರತೆ ಎಲ್ಲರಿಗೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಒಂದು ತಂಡಕ್ಕೆ ಒಂದು ಸೀಸೆ, ಇನ್ನೊಂದು ತಂಡಕ್ಕೆ ಇನ್ನೊಂದು ಸೀಸೆ ಕೊಡುವುದುಂಟು. ಆಕ್ಸಾಲಿಕ್ ಆಮ್ಲವು 0.025 ಮೋಲಾರ್ ಇದ್ದು, ಪರ್ಮ್ಯಾಂಗನೇಟ್ 0.01 ಮೋಲಾರ್ ಇದ್ದರೆ ಇಳಿಯಬೇಕಾದುದು ಸರಿಯಾಗಿ 10 ಮಿಲಿಲೀಟರ್. ಅದೇ ಪರ್ಮ್ಯಾಂಗನೇಟ್ 0.0125 ಮೋಲಾರ್ ಇದ್ದರೆ 8 ಮಿಲಿಲೀಟರ್ ಸಾಕು. ನಿಲ್ದಾಣದಲ್ಲಿ ಹಿಗ್ಗಿದವನೂ ಕುಗ್ಗಿದವನೂ ಇಬ್ಬರೂ ಸರಿಯಾಗಿಯೇ ಮಾಡಿರಬಹುದು!

ಲವಣ ವಿಶ್ಲೇಷಣೆಯ ಸಂಗತಿಯೂ ಇಂಥದೇ. ಒಬ್ಬಳ ಲವಣ ಜ್ವಾಲೆಗೆ ಇಟ್ಟಿಗೆಗೆಂಪು ಬಣ್ಣ ಕೊಟ್ಟರೆ ಅದು ಕ್ಯಾಲ್ಸಿಯಂ. ಇನ್ನೊಬ್ಬಳದು ಕಡುಗೆಂಪು ಕೊಟ್ಟರೆ ಸ್ಟ್ರಾಂಶಿಯಂ. ಮತ್ತೊಬ್ಬಳದು ಎಳೆಹಸಿರು ಕೊಟ್ಟರೆ ಬೇರಿಯಂ. ಲವಣವೇ ಬೇರೆಯಾದ ಮೇಲೆ ಉತ್ತರ ಒಂದೇ ಆಗುವುದೆಂತು? “ನನ್ನದರಲ್ಲಿ ಕಂದು ಉಂಗುರ ಬರಲೇ ಇಲ್ಲ ಕಣೇ” ಎಂದು ಕಣ್ಣಿನಲ್ಲಿ ನೀರು ತಂದುಕೊಂಡವಳಿಗೆ ಕೊಟ್ಟ ಲವಣದಲ್ಲಿ ನೈಟ್ರೇಟ್ ಇಲ್ಲದೆಯೇ ಇದ್ದಿರಬಹುದು.

ರಬ್ಬರಿನ ಪ್ರಲೋಭನೆ

ಪರೀಕ್ಷೆ ಮುಗಿದ ಮೇಲಿನ ಹೋಲಿಕೆ ಬರಿಯ ಮನಃಕ್ಲೇಶಕ್ಕೆ ಕಾರಣವಾದರೆ, ಪ್ರಯೋಗಶಾಲೆಯ ಒಳಗೇ ನಡೆಯುವ ಹೋಲಿಕೆ ಅದಕ್ಕಿಂತ ಅಪಾಯಕರವಾದುದು. ಪಕ್ಕದ ಮೇಜಿನಿಂದ “ಹತ್ತು” ಎಂಬ ಪಿಸುಮಾತು ತೇಲಿಬರುತ್ತದೆ. ತನ್ನ ಕೋಷ್ಟಕದಲ್ಲಿ 8.0 ಎಂದು ಪೆನ್ಸಿಲಿನಿಂದ ಬರೆದುಕೊಂಡವನ ಕೈ ತಾನಾಗಿಯೇ ರಬ್ಬರಿನ ಕಡೆಗೆ ಹೋಗುತ್ತದೆ. ಕಣ್ಣು ಕಂಡದ್ದನ್ನು ಅಳಿಸಿ ಕಿವಿ ಕೇಳಿದ್ದನ್ನು ಬರೆದರೆ, ಸರಿಯಾಗಿದ್ದ ಉತ್ತರವೇ ತಪ್ಪಾಗುತ್ತದೆ. ಯಾವ ಸೀಸೆಯಲ್ಲಿ ಏನಿದೆಯೆಂಬುದನ್ನು ಬಲ್ಲ ಪರೀಕ್ಷಕರಿಗೆ ಇದು ತಿಳಿಯಲು ಬಹಳ ಹೊತ್ತು ಬೇಕಿಲ್ಲ.

ಹಾಗಾದರೆ ತನ್ನ ಅಳತೆ ಸರಿಯೆಂದು ತಿಳಿಯುವ ಬಗೆ ಹೇಗೆ? ಅದಕ್ಕಾಗಿಯೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡುವ ಪದ್ಧತಿ ಇರುವುದು. ಒಬ್ಬನೇ ವಿದ್ಯಾರ್ಥಿಯ ಎರಡು ಅಳತೆಗಳು ಒಂದಕ್ಕೊಂದು ಹೊಂದಿಕೊಂಡರೆ ಅದು ನಂಬಿಕೆಗೆ ಅರ್ಹ. ಬ್ಯೂರೆಟ್ಟಿನ ಅತಿ ಸಣ್ಣ ಗೆರೆ 0.1 ಮಿಲಿಲೀಟರ್, ಒಂದು ಹನಿಯೆಂದರೆ ಸುಮಾರು 0.05 ಮಿಲಿಲೀಟರ್. ಎಂದಮೇಲೆ ವಿದ್ಯಾರ್ಥಿಯ ಸಾಕ್ಷಿ ನೆರೆಯವನ ಪುಸ್ತಕದಲ್ಲಿಲ್ಲ, ತನ್ನದೇ ಎರಡನೆಯ ಅಳತೆಯಲ್ಲಿದೆ. ಮೊದಲನೆಯ ಅಂಕಿಯನ್ನೇ ಇನ್ನೆರಡು ಸಾಲುಗಳಲ್ಲಿ ನಕಲು ಮಾಡುವವನು ಆ ಸಾಕ್ಷಿಯನ್ನು ತಾನೇ ಕೈಯಾರೆ ಕಳೆದುಕೊಳ್ಳುತ್ತಾನೆ.

ವ್ಯಾಪಾರದಿಂದ ಬಂದ ಉಪಕರಣ

ಬ್ಯೂರೆಟ್ ಹುಟ್ಟಿದ್ದು ಪರೀಕ್ಷಾರ್ಥಿಗಳನ್ನು ಪೀಡಿಸುವುದಕ್ಕಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಬಟ್ಟೆಯ ಉದ್ಯಮದಲ್ಲಿ, ಬಿಳುಪು ಮಾಡುವ ದ್ರಾವಣ ಎಷ್ಟು ಶಕ್ತವಾದುದೆಂದು ತಿಳಿಯುವ ಅಗತ್ಯವೊದಗಿತ್ತು. ದೆಕ್ರೋಜೀ ಎಂಬಾತನು ಅಂಥ ಅಳತೆಗಾಗಿ ಗೆರೆ ಹಾಕಿದ ಗಾಜಿನ ನಳಿಗೆಗಳನ್ನು ಬಳಕೆಗೆ ತಂದನು. 1824ರಲ್ಲಿ ಗೇ-ಲುಸಾಕ್ ಎಂಬ ವಿಜ್ಞಾನಿ ‘ಬ್ಯೂರೆಟ್’, ‘ಪಿಪೆಟ್’ ಎಂಬ ಹೆಸರುಗಳನ್ನು ಕೊಟ್ಟನು. 1846ರಲ್ಲಿ ಮಾರ್ಗರಿತ್ ಎಂಬಾತನು ಕಬ್ಬಿಣದ ಪ್ರಮಾಣವನ್ನು ತಿಳಿಯಲು ಪರ್ಮ್ಯಾಂಗನೇಟನ್ನು ಉಪಯೋಗಿಸಿದನು. ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಮೋರ್ 1855ರಲ್ಲಿ ಈ ವಿಧಾನಗಳನ್ನೆಲ್ಲ ಒಂದು ಗ್ರಂಥವಾಗಿ ಬರೆದನು, ಪಿ.ಯು.ಸಿ. ಪ್ರಯೋಗಶಾಲೆಯ ‘ಮೋರ್ ಲವಣ’ಕ್ಕೆ ಅವನದೇ ಹೆಸರು. ಕೊಂಡವನಿಗೂ ಮಾರಿದವನಿಗೂ ನಡುವೆ ಅಂಕಿಯೊಂದು ಪ್ರಾಮಾಣಿಕವಾಗಿ ನಿಲ್ಲಲೆಂದು ಬಂದ ಉಪಕರಣವಿದು.

ಹೊಂದದ ಅಂಕಿಯ ಮಹಿಮೆ

ಅಂಕಿಗಳು ಹೊಂದದಿದ್ದರೆ ಅದು ಯಾವಾಗಲೂ ಅವಮಾನವೇ? ರಸಾಯನಶಾಸ್ತ್ರದ ಇತಿಹಾಸ ಹಾಗೆ ಹೇಳುವುದಿಲ್ಲ. ಇಂಗ್ಲೆಂಡಿನ ಲಾರ್ಡ್ ರ್‍ಯಾಲಿ ಸಾರಜನಕದ ತೂಕವನ್ನು ಸೂಕ್ಷ್ಮವಾಗಿ ಅಳೆಯುತ್ತಿದ್ದಾಗ ವಿಚಿತ್ರವೊಂದು ಕಂಡಿತು. ಗಾಳಿಯಿಂದ ಪಡೆದ ಸಾರಜನಕವು ಅಮೋನಿಯದಿಂದ ಪಡೆದ ಸಾರಜನಕಕ್ಕಿಂತ ತುಸು ಭಾರವಾಗಿತ್ತು. ವ್ಯತ್ಯಾಸ ಸುಮಾರು ಇನ್ನೂರರಲ್ಲಿ ಒಂದು ಪಾಲು. ಆತ ಒಂದು ಅಂಕಿಯನ್ನು ಅಳಿಸಿ ಇನ್ನೊಂದಕ್ಕೆ ಹೊಂದಿಸಿಕೊಳ್ಳಲಿಲ್ಲ. 1892ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದು, ಇದಕ್ಕೆ ಕಾರಣವೇನಿರಬಹುದೆಂದು ವಾಚಕರನ್ನೇ ಕೇಳಿದನು. ವಿಲಿಯಂ ರಾಮ್ಸೆ ಕೈಜೋಡಿಸಿದನು. 1894ರಲ್ಲಿ ಉತ್ತರ ದೊರೆಯಿತು: ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲಿನಷ್ಟು, ಅದುವರೆಗೆ ಯಾರೂ ಅರಿಯದಿದ್ದ ಆರ್ಗಾನ್ ಎಂಬ ಅನಿಲ ಅಡಗಿತ್ತು! 1904ರಲ್ಲಿ ರ್‍ಯಾಲಿಗೆ ಭೌತಶಾಸ್ತ್ರದಲ್ಲಿಯೂ ರಾಮ್ಸೆಗೆ ರಸಾಯನಶಾಸ್ತ್ರದಲ್ಲಿಯೂ ನೊಬೆಲ್ ಪಾರಿತೋಷಕ ಬಂದಿತು.

ಈ ಕಥೆಗೂ ಬೆಂಗಳೂರಿಗೂ ಒಂದು ನಂಟುಂಟು. 1898ರಲ್ಲಿ ರಾಮ್ಸೆಯ ಜೊತೆಗೂಡಿ ಕ್ರಿಪ್ಟಾನ್, ನಿಯಾನ್, ಝೆನಾನ್ ಅನಿಲಗಳನ್ನು ಕಂಡುಹಿಡಿದ ಮಾರಿಸ್ ಟ್ರಾವರ್ಸ್ ಎಂಬಾತನೇ ಊರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ. 1909ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿ, 1914ರಲ್ಲಿ ಆತ ಸ್ವದೇಶಕ್ಕೆ ಮರಳಿದನು.

ಎಷ್ಟು ಎಂಬುದಲ್ಲ, ಹೇಗೆ ಎಂಬುದು

ಹೋಲಿಕೆ ಬೇಡವೆಂದಲ್ಲ, ವಿಜ್ಞಾನವೇ ಹೋಲಿಕೆಯಿಂದ ಬೆಳೆದುದು. ಆದರೆ ರ್‍ಯಾಲಿ ಕೇಳಿದ್ದು “ನಿಮ್ಮದೆಷ್ಟು?” ಎಂದಲ್ಲ, “ಹೀಗೇಕಾಯಿತು?” ಎಂದು. ಗೆಳೆಯರ ಗುಂಪಿನಲ್ಲಿಯೂ ಪ್ರಶ್ನೆ ಹಾಗೆ ತಿರುಗಿದರೆ ಅಂಥ ಹರಟೆಯೇ ಒಂದು ಪಾಠವಾದೀತು.

ದ್ರಾವಣವನ್ನು ಸಾಕಷ್ಟು ಬಿಸಿಮಾಡಿತ್ತೆ? ಆಕ್ಸಾಲಿಕ್ ಆಮ್ಲಕ್ಕೆ 60-70 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತಣ್ಣಗಿದ್ದರೆ ಮೊದಲ ಹನಿಗಳ ಬಣ್ಣ ಬೇಗ ಮಾಯವಾಗದೆ ಅದನ್ನೇ ಅಂತ್ಯಬಿಂದುವೆಂದು ಭ್ರಮಿಸಿ ನಿಲ್ಲಿಸುವುದುಂಟು. ಫ್ಲಾಸ್ಕಿನಲ್ಲಿ ಕಂದು ಕದಡು ಕಂಡಿತೆ? ಗಂಧಕಾಮ್ಲ ಸಾಲದೆ ಹೋಗಿರಬೇಕು. ಬ್ಯೂರೆಟ್ಟಿನ ತುದಿಯಲ್ಲಿ ಗಾಳಿಯ ಗುಳ್ಳೆ ಉಳಿದಿತ್ತೆ? ಅದು ನಡುವೆ ಹೊರಟುಹೋದರೆ ಅಳತೆ ಹೆಚ್ಚಾಗಿ ತೋರುತ್ತದೆ. ಫ್ಲಾಸ್ಕನ್ನು ನೀರಿನ ಬದಲು ಆಕ್ಸಾಲಿಕ್ ಆಮ್ಲದಿಂದಲೇ ತೊಳೆದರೂ ಹಾಗೆಯೇ. ನೇರಳೆ ದ್ರಾವಣದ ಯಾವ ಅಂಚನ್ನು ಓದಿತ್ತು? ಬಣ್ಣ ದಟ್ಟವಾಗಿರುವುದರಿಂದ ಇಲ್ಲಿ ಮೇಲಂಚನ್ನೇ ಓದಬೇಕು. ಇಂಥ ಒಂದೊಂದು ಪ್ರಶ್ನೆಯೂ ಮುಂದೆ ಬರಲಿರುವ 70 ಅಂಕಗಳ ಲಿಖಿತ ಪರೀಕ್ಷೆಗೂ ಉಪಕಾರಿಯೇ.

ಮನೆಯವರ ಪಾತ್ರವೂ ಇದರಲ್ಲಿ ಅಲ್ಪವಲ್ಲ. ಮಗಳು ಚಪ್ಪಲಿ ಬಿಡುವ ಮೊದಲೇ “ಎದುರುಮನೆಯವಳಿಗೆ ಎಷ್ಟು ಬಂತಂತೆ?” ಎಂದು ಕೇಳುವ ತಾಯ್ತಂದೆಯರು, ತಮಗೆ ತಿಳಿಯದೆಯೇ ಆಕೆಯ ಕೈಗೆ ಆ ರಬ್ಬರನ್ನು ಕೊಡುತ್ತಿರುತ್ತಾರೆ. ಬರೆದುಕೊಟ್ಟ ಉತ್ತರಪತ್ರಿಕೆ ಇನ್ನು ಬದಲಾಗುವುದಿಲ್ಲ. ಬದಲಾಗಬಹುದಾದುದು ಮುಂದಿನ ಪರೀಕ್ಷೆಗೆ ಕೂರುವ ಮನಸ್ಸು ಮಾತ್ರ. ಒಂದು ಲೋಟ ಕಾಫಿ ಕೊಟ್ಟು, “ನೀನು ಕಂಡದ್ದನ್ನೇ ಬರೆದೆ ತಾನೆ, ಮಗು?” ಎಂದು ಕೇಳಿದರೆ ಸಾಕು. “ಹೌದಮ್ಮ” ಎಂದು ತಲೆಯೆತ್ತಿ ಹೇಳಬಲ್ಲ ಹುಡುಗಿಗೆ, ಅಂಕಗಳು ಎಷ್ಟೇ ಬರಲಿ, ಆ ದಿನದ ಪಾಠ ಕೈಗೂಡಿದೆಯೆಂದೇ ತಿಳಿಯಬೇಕು.