ಆರು ಸಾವಿರ ವರ್ಷಗಳ ಹಿಂದೆ ಎಲ್ ನಿನೊ ಏಕೆ ತಣ್ಣಗಿತ್ತು?

ಈಕ್ವೆಡಾರ್ ದೇಶದ ಆಂಡಿಸ್ ಪರ್ವತಗಳಲ್ಲಿ, ಸಮುದ್ರಮಟ್ಟದಿಂದ 4,000 ಮೀಟರಿಗೂ ಹೆಚ್ಚು ಎತ್ತರದಲ್ಲಿ, ಪಾಲ್ಕಕೋಚ ಎಂಬ ಸರೋವರವಿದೆ. ಜೋರು ಮಳೆಗೆ ಸುತ್ತಲಿನ ಇಳಿಜಾರಿನ ಮಣ್ಣು ಕೊಚ್ಚಿಬಂದು ಅದರ ತಳದಲ್ಲಿ ತಿಳಿಬಣ್ಣದ ಪದರವಾಗಿ ಕೂರುತ್ತದೆ. ಇಂಥ ಪದರಗಳಿಗೆ ಪೆಸಿಫಿಕ್ ಸಾಗರದ ಪೂರ್ವಭಾಗ ಬಿಸಿಯಾಗುವ ಎಲ್ ನಿನೊ ವರ್ಷಗಳ ಬಿರುಮಳೆಯೇ ಕಾರಣವೆಂದು ಭಾವಿಸಿ, ಡೊನಾಲ್ಡ್ ರಾಡ್‌ಬೆಲ್ ಮತ್ತು ಸಂಗಡಿಗರು ಸುಮಾರು 15,000 ವರ್ಷಗಳ ಕೆಸರನ್ನು ಹೊರತೆಗೆದು ಪರೀಕ್ಷಿಸಿದರು. 1999ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿ ತಂದಿತು. ಈಚಿನ 5,000 ವರ್ಷಗಳಲ್ಲಿ ಪದರಗಳು ಎರಡರಿಂದ ಎಂಟು ವರ್ಷಕ್ಕೊಮ್ಮೆ ಕಾಣಿಸಿದರೆ, 7,000 ವರ್ಷಗಳಿಗಿಂತ ಹಿಂದೆ ಅವುಗಳ ನಡುವಿನ ಅಂತರ 15 ವರ್ಷಕ್ಕೂ ಮಿಕ್ಕಿತ್ತು.

ಏನಾಯಿತು ಎಂಬುದನ್ನು ಕೆಸರು ಹೇಳಿತು. ಏಕಾಯಿತು ಎಂದು ಹೇಳಬಲ್ಲ ಸಾಧನವೊಂದು ಅಷ್ಟರಲ್ಲಿ ಬೇರೆ ದಾರಿಯಲ್ಲಿ ಸಿದ್ಧವಾಗುತ್ತಿತ್ತು. ಆ ದಾರಿ ಆರಂಭವಾದದ್ದು ಭಾರತದ ಬರಗಾಲಗಳಿಂದ.

ಹಳೆಯ ಮೈಸೂರಿನ ಜನ ತಲೆಮಾರುಗಳವರೆಗೆ ನೆನೆಸಿಕೊಂಡ ಧಾತು–ಈಶ್ವರ ಸಂವತ್ಸರಗಳ ಕ್ಷಾಮ 1876–78ರದು. ಮುಂಗಾರನ್ನು ಕುಗ್ಗಿಸಬಲ್ಲ ಪ್ರಬಲ ಎಲ್ ನಿನೊ 1877ರಲ್ಲಿ ಪೆಸಿಫಿಕ್ ಸಾಗರದಲ್ಲಿ ಇತ್ತೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. 1899ರಲ್ಲಿ ಮುಂಗಾರು ಮತ್ತೆ ಕೈಕೊಟ್ಟಿತು. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಚುಕ್ಕಾಣಿ ಹಿಡಿದ ಕೇಂಬ್ರಿಜ್ ಗಣಿತಜ್ಞ ಗಿಲ್ಬರ್ಟ್ ವಾಕರ್, ಮುಂಗಾರಿನ ಮುನ್ಸೂಚನೆಗಾಗಿ ಜಗತ್ತಿನ ಹವಾಮಾನದ ಅಂಕಿಅಂಶಗಳನ್ನೆಲ್ಲ ಜಾಲಾಡಿದರು. ಪೆಸಿಫಿಕ್‌ನಲ್ಲಿ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದಲ್ಲಿ ಇಳಿಯುವುದನ್ನೂ, ಅಲ್ಲಿ ಇಳಿದಾಗ ಇಲ್ಲಿ ಏರುವುದನ್ನೂ ಗುರುತಿಸಿ, ಈ ಏರಿಳಿತಕ್ಕೆ ‘ದಕ್ಷಿಣದ ಆಂದೋಲನ’ ಎಂದು ಹೆಸರಿಟ್ಟರು. ಇದರ ಹಿಂದೆ ಸಾಗರವಿದೆ ಎಂದು 1969ರಲ್ಲಿ ತೋರಿಸಿದವರು ಜೇಕಬ್ ಬ್ಯರ್ಕ್ನೆಸ್. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಬೆಚ್ಚನೆಯ ನೀರನ್ನು ಇಂಡೋನೇಷ್ಯಾದ ಕಡೆಗೆ ತಳ್ಳುತ್ತವೆ. ಪೆರುವಿನ ಬಳಿ ಆಳದ ತಣ್ಣೀರು ಮೇಲೇಳುತ್ತದೆ. ಗಾಳಿ ಸಡಿಲಿದರೆ ಬೆಚ್ಚನೆಯ ನೀರು ಪೂರ್ವಕ್ಕೆ ಮರಳುತ್ತದೆ. ಪೂರ್ವ ಬಿಸಿಯಾದಷ್ಟೂ ಗಾಳಿ ಇನ್ನಷ್ಟು ಸಡಿಲುತ್ತದೆ. ಅದೇ ಎಲ್ ನಿನೊ.

ಈ ತಿಳಿವಳಿಕೆಯನ್ನು ಸಮೀಕರಣಗಳಾಗಿಸಿ ಕಂಪ್ಯೂಟರಿಗೆ ಕೊಟ್ಟವರು ನ್ಯೂಯಾರ್ಕ್ ಬಳಿಯ ಲಾಮಾಂಟ್ ಸಂಶೋಧನಾಲಯದ ಮಾರ್ಕ್ ಕೇನ್ ಮತ್ತು ಸ್ಟೀಫನ್ ಜೀಬಿಯಾಕ್. ಅವರ ಮಾದರಿಯಲ್ಲಿ ಇದ್ದದ್ದು ಉಷ್ಣವಲಯದ ಪೆಸಿಫಿಕ್ ಮಾತ್ರ. ವಾಡಿಕೆಯ ಸ್ಥಿತಿಯಿಂದ ಗಾಳಿ ಮತ್ತು ನೀರು ಎಷ್ಟು ದೂರ ಸರಿದಿವೆ ಎಂಬುದನ್ನಷ್ಟೇ ಅದು ಲೆಕ್ಕ ಹಾಕುತ್ತಿತ್ತು. ಎಲ್ ನಿನೊ ಬರಲಿದೆ ಎಂದು ಅದರ ನೆರವಿನಿಂದ ಅವರು 1986ರಲ್ಲಿ ಪ್ರಕಟಿಸಿದರು. ಆ ವರ್ಷದ ಕೊನೆಗೆ ಅದು ಬಂದೇ ಬಂತು.

ಮಾದರಿಯ ಸರಳತೆಯೇ ಅದರ ಬಲವಾಯಿತು. ಲೆಕ್ಕ ಬೇಗ ಮುಗಿಯುತ್ತಿದ್ದುದರಿಂದ ಸಾವಿರಾರು ವರ್ಷಗಳನ್ನು ಓಡಿಸಿ ನೋಡಬಹುದಾಗಿತ್ತು. ಕೇನ್, ಏಮಿ ಕ್ಲೆಮೆಂಟ್ ಮತ್ತು ರಿಚರ್ಡ್ ಸೀಗರ್ ಇದನ್ನೇ ಮಾಡಿದರು. ಭೂಮಿ ಈಗ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿಯಲ್ಲಿ. ಅಕ್ಷದ ನಿಧಾನದ ಓಲಾಟದಿಂದಾಗಿ 6,000 ವರ್ಷಗಳ ಹಿಂದೆ ಅದು ಸೆಪ್ಟೆಂಬರಿನಲ್ಲಿ ಆಗುತ್ತಿತ್ತು. ಋತುವಿನಿಂದ ಋತುವಿಗೆ ಬಿಸಿಲಿನಲ್ಲಾದ ಈ ವ್ಯತ್ಯಾಸವನ್ನು ಅವರು ಮಾದರಿಗೆ ಕೊಟ್ಟರು. ಸರೋವರದ ಕೆಸರಿನ ಸುದ್ದಿ ಅದರ ಯಾವ ಸಮೀಕರಣದಲ್ಲೂ ಇರಲಿಲ್ಲ. ಆದರೂ 2000ದಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಎಲ್ ನಿನೊ ಕುಗ್ಗಿತ್ತು. ಉತ್ತರಾರ್ಧಗೋಳದ ಬೇಸಿಗೆಯ ಕೊನೆಯ ಹೆಚ್ಚುವರಿ ಬಿಸಿಲಿಗೆ ಪೆಸಿಫಿಕ್‌ನ ಪಶ್ಚಿಮ ಭಾಗ ಪೂರ್ವಕ್ಕಿಂತ ಬೇಗ ಕಾದು, ವಾಣಿಜ್ಯ ಮಾರುತಗಳು ಬಿಗಿಯಾದವು. ಎಲ್ ನಿನೊ ಬೆಳೆಯಬೇಕಾದ ತಿಂಗಳುಗಳಲ್ಲೇ ಅದರ ಕತ್ತು ಹಿಸುಕಿದಂತಾಯಿತು.

ಮರುವರ್ಷ ಪಪುವಾ ನ್ಯೂಗಿನಿಯ ಹವಳಗಳಿಂದ ಮತ್ತೊಂದು ಸಾಕ್ಷ್ಯ ಸಿಕ್ಕಿತು. ಹವಳದ ಬೆಳವಣಿಗೆಯ ಪದರಗಳಲ್ಲಿನ ಆಮ್ಲಜನಕದ ಐಸೋಟೋಪುಗಳು ಆ ಕಾಲದ ಸಮುದ್ರದ ಉಷ್ಣಾಂಶ ಮತ್ತು ಮಳೆಯ ಗುರುತನ್ನು ಉಳಿಸಿಕೊಂಡಿರುತ್ತವೆ. ಅವುಗಳ ಪ್ರಕಾರವೂ ಸುಮಾರು 6,500 ವರ್ಷಗಳ ಹಿಂದೆ ಏರಿಳಿತ ಕಡಿಮೆಯಿತ್ತು.

ವಿಷಯ ಅಲ್ಲಿಗೇ ಇತ್ಯರ್ಥವಾಗಲಿಲ್ಲ. ಪೆಸಿಫಿಕ್ ನಡುವಿನ ಲೈನ್ ದ್ವೀಪಗಳ 7,000 ವರ್ಷಗಳ ಹವಳಗಳನ್ನು ಅಭ್ಯಸಿಸಿದ ಕಿಮ್ ಕಾಬ್ ತಂಡ, ಎಲ್ ನಿನೊ ಒಂದೇ ಸಮನೆ ಬಲಗೊಳ್ಳುತ್ತ ಬಂದ ಸ್ಪಷ್ಟ ಗುರುತು ಕಾಣದು ಎಂದು 2013ರಲ್ಲಿ ವರದಿ ಮಾಡಿತು. ಶತಮಾನದಿಂದ ಶತಮಾನಕ್ಕೆ ಅದು ಬಹಳ ಏರುಪೇರಾಗಿತ್ತು. ಹೊರಗಿನ ಯಾವ ಒತ್ತಡವೂ ಇಲ್ಲದೆ ಸಾಗರ ತಾನಾಗಿಯೇ ಹೀಗೆ ಏರುಪೇರಾಗಬಲ್ಲದು ಎಂಬುದನ್ನು ಆಂಡ್ರ್ಯೂ ವಿಟ್ಟೆನ್‌ಬರ್ಗ್ 2009ರಲ್ಲೇ ತೋರಿಸಿದ್ದರು. ಅವರು ಓಡಿಸಿದ್ದು 2,000 ವರ್ಷಗಳಷ್ಟು ಉದ್ದದ ಲೆಕ್ಕ. 2014ರಲ್ಲಿ ಝೆಂಗ್ಯು ಲಿಯು ತಂಡ, ಇಡೀ ಭೂಗೋಳದ ಗಾಳಿ, ಸಾಗರ, ಹಿಮಗಳನ್ನು ಒಳಗೊಂಡ ಮಾದರಿಯಲ್ಲಿ 21,000 ವರ್ಷಗಳನ್ನು ಮರುಸೃಷ್ಟಿಸಿದ ಲೆಕ್ಕವನ್ನು ವಿಶ್ಲೇಷಿಸಿತು. ಅದರಲ್ಲೂ ಈಚಿನ ಸಾವಿರಾರು ವರ್ಷಗಳಲ್ಲಿ ಎಲ್ ನಿನೊ ನಿಧಾನವಾಗಿ ಬಲಗೊಂಡಿದೆ.

ಈ ಜಗ್ಗಾಟವನ್ನು ವಿಜ್ಞಾನದ ಸೋಲೆಂದು ನಾನು ಎಣಿಸುವುದಿಲ್ಲ. ಉಪಕರಣಗಳಿಂದ ಸಾಗರವನ್ನು ಅಳೆದ ದಾಖಲೆ ನಮಗಿರುವುದು ಹೆಚ್ಚೆಂದರೆ ಒಂದೂವರೆ ಶತಮಾನದ್ದು. ಶತಮಾನಗಟ್ಟಲೆ ತಾನೇ ಬದಲಾಗುವ ಸಾಗರವನ್ನು ಅಷ್ಟರಿಂದ ಅಳೆಯಲಾಗದು. ಮುಂದಿನ ನೂರು ವರ್ಷಗಳ ಬಗ್ಗೆ ಮಾತಾಡುವ ಮಾದರಿ ನಂಬಿಕೆಗೆ ಅರ್ಹವೇ ಎಂದು ತಿಳಿಯಲು, ಅದಕ್ಕೆ ಉತ್ತರ ಹೇಳಿಕೊಡದೆ ಹಳೆಯ ಕಾಲವನ್ನು ಲೆಕ್ಕ ಹಾಕಿಸಬೇಕು. ಬಂದ ಫಲವನ್ನು ಕೆಸರಿನ ಜೊತೆ, ಹವಳದ ಜೊತೆ ತಾಳೆ ನೋಡಬೇಕು. ಎರಡೂ ಹೊಂದದಿದ್ದಾಗ ತಪ್ಪು ಮಾದರಿಯದೂ ಆಗಿರಬಹುದು, ಸಾಕ್ಷ್ಯವನ್ನು ಓದಿದ ರೀತಿಯದೂ ಆಗಿರಬಹುದು. ತಿದ್ದಿಕೊಳ್ಳಲು ದಾರಿ ಸಿಗುವುದು ಅಲ್ಲಿಯೇ.

2023ರ ಎಲ್ ನಿನೊ ವರ್ಷದಲ್ಲಿ ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಋತುಗಳ ನಡುವೆ ಬಿಸಿಲಿನ ಹಂಚಿಕೆ ಬದಲಾದದ್ದಕ್ಕೇ ಎಲ್ ನಿನೊ ಹಿಂದೊಮ್ಮೆ ತಗ್ಗಿತ್ತೆಂದು ಹಲವು ಮಾದರಿಗಳು ಹೇಳುತ್ತಿರುವಾಗ, ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಇಷ್ಟು ಹೆಚ್ಚಿರುವ ಈ ದಿನಗಳಲ್ಲಿ ಅದು ಹಳೆಯ ಚಾಳಿಯಲ್ಲೇ ಮುಂದುವರಿಯುತ್ತದೆ ಎಂದು ನಂಬಿ ಕೂರಲಾಗದು. ಮುಂಗಾರನ್ನು ನೆಚ್ಚಿ ಕೆರೆ, ಅಣೆಕಟ್ಟು, ಬೆಳೆಗಳ ಲೆಕ್ಕ ಹಾಕುವ ನಾವು ದೂರದ ಆ ಸರೋವರದ ಕೆಸರಿನಲ್ಲೂ ಆಸಕ್ತಿ ತಳೆಯಬೇಕಾದದ್ದು ಅದಕ್ಕಾಗಿಯೇ.